ಸ್ಟೇಕೋ, ಬಾರ್ಬೆಕ್ಯೂನೋ? ಟೆಕ್ಸಾಸ್ ಕಡೆಯ ದುಬಾರಿ ಹೋಟೆಲಿನಲ್ಲಿ ಏನನ್ನು, ಯಾವ ಹೊತ್ತಿಗೆ ಆರ್ಡರ್ ಮಾಡಬೇಕು

ಡಲ್ಲಾಸ್, ಹ್ಯೂಸ್ಟನ್, ಫೀನಿಕ್ಸ್, ಸಾಂಟಾ ಫೆ ಕಡೆ ಒಂದು ಬಗೆಯ ಹೋಟೆಲುಗಳಿವೆ. ಮೆನುವಿನ ಒಂದು ಮಗ್ಗುಲಲ್ಲಿ ಸ್ಟೇಕ್, ಅಂದರೆ ಜೋರು ಬೆಂಕಿಯಲ್ಲಿ ಸುಟ್ಟ ದನದ ಮಾಂಸದ ತುಂಡು: ರಿಬ್‌ಐ, ಫಿಲೆ, ಟಿ-ಬೋನ್. ಇನ್ನೊಂದು ಮಗ್ಗುಲಲ್ಲಿ ಬಾರ್ಬೆಕ್ಯೂ: ಹೊಗೆಯಲ್ಲಿ ಬೆಂದ ಬ್ರಿಸ್ಕೆಟ್ (ದನದ ಎದೆಭಾಗ), ರಿಬ್ಸ್ (ಪಕ್ಕೆಲುಬು), ಸಾಸೇಜ್. ನಡುವೆ ಹಸಿರು ಮೆಣಸಿನಕಾಯಿ ಸಾಸು, ಟೋರ್ಟಿಯಾ (ಮೆಕ್ಸಿಕೊದ ರೊಟ್ಟಿ) ಸೂಪು, ರೊಟ್ಟಿ ಸುತ್ತಿ ಸಾಸು ಹಾಕಿದ ಎಂಚಿಲಾಡ. ಇಬ್ಬರು ಕೂತು ಎದ್ದರೆ ಬಿಲ್ಲು ಇನ್ನೂರು ಡಾಲರಿನ ಹತ್ತಿರ ಬರುತ್ತದೆ. ಅದೇ ಹೋಟೆಲಿನ ಬಗ್ಗೆ ಒಬ್ಬರು ‘ಬಾಯಲ್ಲಿಟ್ಟರೆ ಕರಗಿತು’ ಅನ್ನುತ್ತಾರೆ, ಇನ್ನೊಬ್ಬರು ‘ಚಪ್ಪಲಿ ಅಗಿದ ಹಾಗಿತ್ತು’ ಅನ್ನುತ್ತಾರೆ. ಸಾಮಾನ್ಯವಾಗಿ ಇಬ್ಬರ ಮಾತೂ ನಿಜವೇ. ಅಲ್ಲಿನ ಅಡುಗೆಮನೆಯಲ್ಲಿ ಎರಡು ಗಡಿಯಾರ ಓಡುತ್ತಿರುತ್ತವೆ. ಸ್ಟೇಕ್ ಹದಿನೈದು ನಿಮಿಷದ ಅಡುಗೆ, ನೀವು ಹೇಳಿದ ಮೇಲೆ ಶುರುವಾಗುತ್ತದೆ. ಬ್ರಿಸ್ಕೆಟ್ ಹತ್ತರಿಂದ ಹದಿನಾರು ಗಂಟೆಯ ಅಡುಗೆ, ನೀವು ಮನೆ ಬಿಡುವ ಮೊದಲೇ ಅದರ ಹಣೆಬರಹ ತೀರ್ಮಾನವಾಗಿರುತ್ತದೆ. ಹಾಗಾಗಿ ಹೋಟೆಲು ಯಾವುದು ಎನ್ನುವುದಕ್ಕಿಂತ, ನೀವು ಹೋಗುವ ಹೊತ್ತಿಗೆ ಅಲ್ಲಿನ ಯಾವ ಒಲೆ ಹದದಲ್ಲಿರುತ್ತದೆ ಎನ್ನುವುದು ಮುಖ್ಯ.

ಮೂರು ಬಗೆಯ ಜಾಗಗಳು

ಮೊದಲನೆಯದು ಶುದ್ಧ ಸ್ಟೇಕ್‌ಹೌಸ್. ಇಲ್ಲಿ ಬ್ರಾಯ್ಲರ್ ಎಂಬ, ಮೇಲಿನಿಂದ ಉರಿ ಬೀಳುವ ದೊಡ್ಡ ಒಲೆ ಇರುತ್ತದೆ, ಅದರ ಮುಂದೆ ಬೇರೇನೂ ಮಾಡದೆ ಸ್ಟೇಕ್ ಮಾತ್ರ ಸುಡುವ ಒಬ್ಬ ಅಡುಗೆಯವನಿರುತ್ತಾನೆ. ಬೆಲೆ ಜಾಸ್ತಿ, ಆದರೆ ಏರುಪೇರು ಕಡಿಮೆ. ಎರಡನೆಯದು ಬಾರ್ಬೆಕ್ಯೂ ಅಂಗಡಿ. ಕೌಂಟರಿನಲ್ಲಿ ತೂಕಕ್ಕೆ ಕೊಡುತ್ತಾರೆ, ಕಾಗದ ಹಾಸಿದ ಟ್ರೇ, ಬಿಳಿ ಬ್ರೆಡ್ಡು, ಉಪ್ಪಿನಕಾಯಿ ಸೌತೆ, ಹಸಿ ಈರುಳ್ಳಿ. ಆಸ್ಟಿನ್ನಿನ ಫ್ರಾಂಕ್ಲಿನ್ ಬಾರ್ಬೆಕ್ಯೂ ಬೆಳಿಗ್ಗೆ 11ಕ್ಕೆ ಬಾಗಿಲು ತೆಗೆದು, ಮಾಂಸ ಮುಗಿದೊಡನೆ ಮುಚ್ಚುತ್ತದೆ. ಲಾಕ್‌ಹಾರ್ಟಿನ ಕ್ರೈಟ್ಸ್ ಮಾರ್ಕೆಟ್ 1900ರಿಂದ ನಡೆದುಬಂದಿದೆ. 2024ರಲ್ಲಿ ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶಲಿನ್ ಗೈಡ್ ಮೊದಲ ಸಲ ಟೆಕ್ಸಾಸಿಗೆ ಬಂದಾಗ ನಾಲ್ಕು ಬಾರ್ಬೆಕ್ಯೂ ಅಂಗಡಿಗಳಿಗೆ ಒಂದೊಂದು ಸ್ಟಾರ್ ಸಿಕ್ಕಿತು. ಬಿಳಿ ಮೇಜುವಸ್ತ್ರ ಇಲ್ಲದ ಮಾತ್ರಕ್ಕೆ ಅಡುಗೆ ಕಡಿಮೆಯದೇನಲ್ಲ.

ಮೂರನೆಯದು ಎರಡನ್ನೂ ಕೊಡುವ ಮಿಶ್ರ ಹೋಟೆಲು, ಅಂದರೆ ಸೌತ್‌ವೆಸ್ಟರ್ನ್ (ಅಮೆರಿಕದ ನೈರುತ್ಯ ಭಾಗದ) ಶೈಲಿಯದು. ಈ ಶೈಲಿ 1980ರ ದಶಕದಲ್ಲಿ ಡೀನ್ ಫಿಯರಿಂಗ್, ಸ್ಟೀಫನ್ ಪೈಲ್ಸ್, ರಾಬರ್ಟ್ ಡೆಲ್ ಗ್ರಾಂಡೆಯಂಥ ಟೆಕ್ಸಾಸಿನ ಬಾಣಸಿಗರಿಂದ ಹೆಸರು ಮಾಡಿತು. ಸಾಂಟಾ ಫೆಯಲ್ಲಿ ಮಾರ್ಕ್ ಮಿಲ್ಲರ್ 1987ರಲ್ಲಿ ಕಯೋಟಿ ಕೆಫೆ ತೆರೆದರು. ಮೆಕ್ಸಿಕೊ ಗಡಿನಾಡಿನ ಮೆಣಸಿನಕಾಯಿ, ಮೆಕ್ಕೆಜೋಳ, ಮೆಸ್ಕೀಟ್ ಕಟ್ಟಿಗೆಯನ್ನು ದುಬಾರಿ ತಟ್ಟೆಗೆ ತಂದದ್ದು ಇವರ ಕೆಲಸ. ಆದರೆ ದೊಡ್ಡ ಹೊಗೆಗೂಡಿನ ಬಾರ್ಬೆಕ್ಯೂ ಈ ಶೈಲಿಯ ಮೂಲಭಾಗವಾಗಿರಲಿಲ್ಲ. ಅದನ್ನು ಆಮೇಲೆ ಸೇರಿಸಿಕೊಂಡ ಹೋಟೆಲುಗಳು ಎರಡು ದೋಣಿಯ ಮೇಲೆ ಕಾಲಿಟ್ಟಿರುತ್ತವೆ. ಗಟ್ಟಿ ಕಾಲು ಯಾವುದು ಎಂದು ಪತ್ತೆಹಚ್ಚುವುದು ನಿಮ್ಮ ಮೊದಲ ಕೆಲಸ.

ಪತ್ತೆಹಚ್ಚುವುದು ಕಷ್ಟವೇನಲ್ಲ. ಹಿತ್ತಲಲ್ಲಿ ಸೀಳಿದ ಕಟ್ಟಿಗೆಯ ರಾಶಿ ಇದೆಯೇ? ಒಂದು ಕಂಬದ ಪಕ್ಕ ಅಲಂಕಾರಕ್ಕೆ ಜೋಡಿಸಿಟ್ಟ ಹತ್ತು ತುಂಡು ಲೆಕ್ಕಕ್ಕಿಲ್ಲ. ಮೆನುವಿನಲ್ಲಿ ಬ್ರಿಸ್ಕೆಟ್ಟಿನ ಪಕ್ಕ ‘ಮುಗಿಯುವ ತನಕ’ ಎಂದು ಬರೆದಿದ್ದರೆ ಒಳ್ಳೆಯ ಲಕ್ಷಣ, ನಿನ್ನೆಯದನ್ನು ಇಂದಿಗೆ ಎಳೆಯುತ್ತಿಲ್ಲ ಎಂದರ್ಥ. ರಾತ್ರಿ ಹತ್ತರವರೆಗೂ, ವಾರವಿಡೀ, ಒಮ್ಮೆಯೂ ಮುಗಿಯದ ಬ್ರಿಸ್ಕೆಟ್ ಇದ್ದರೆ ಅದನ್ನು ಫ್ರಿಜ್ಜಿನಿಂದ ತೆಗೆದು ಬಿಸಿಮಾಡುವ ಸಾಧ್ಯತೆ ಹೆಚ್ಚು. ಸ್ಟೇಕಿನ ಮಗ್ಗುಲಲ್ಲಿ ದರ್ಜೆ, ಔನ್ಸಿನಲ್ಲಿ ತೂಕ (ಒಂದು ಔನ್ಸ್ ಸುಮಾರು 28 ಗ್ರಾಂ), ಮಾಂಸವನ್ನು ತಂಪಿನಲ್ಲಿ ಹದಕ್ಕೆ ಬಿಡುವ ಏಜಿಂಗ್ ಎಷ್ಟು ದಿನ ಎಂದು ಬರೆದಿದ್ದಾರೆಯೋ ನೋಡಿ. ‘ಹ್ಯಾಂಡ್-ಕಟ್’, ‘ಪ್ರೀಮಿಯಂ’, ‘ಕೌಬಾಯ್’ ಎಂಬ ವಿಶೇಷಣಗಳಷ್ಟೇ ಇದ್ದರೆ ಅವು ಏನನ್ನೂ ಹೇಳುವುದಿಲ್ಲ. ಸರ್ವರ್ ಬಂದಾಗ ಒಂದೇ ಪ್ರಶ್ನೆ ಸಾಕು: ‘ಬ್ರಿಸ್ಕೆಟ್ ಇವತ್ತು ಎಷ್ಟು ಹೊತ್ತಿಗೆ ಸ್ಮೋಕರಿನಿಂದ (ಹೊಗೆಗೂಡಿನಿಂದ) ಹೊರಬಂತು?’ ಗೊತ್ತಿದ್ದವರು ತಟ್ಟನೆ ಹೊತ್ತು ಹೇಳುತ್ತಾರೆ. ‘ನಮ್ಮದು ಯಾವಾಗಲೂ ಫ್ರೆಶ್’ ಎಂದು ಉತ್ತರ ಬಂದರೆ ಸ್ಟೇಕ್ ಕಡೆ ತಿರುಗಿ.

ಸ್ಟೇಕ್: ದರ್ಜೆ, ತುಂಡು, ದಪ್ಪ

ಅಮೆರಿಕದಲ್ಲಿ ಮಾಂಸದ ಆರೋಗ್ಯ ತಪಾಸಣೆ ಕಡ್ಡಾಯ, ದರ್ಜೆ ಹಚ್ಚಿಸುವುದು ಮಾತ್ರ ಐಚ್ಛಿಕ. ಪ್ಯಾಕರ್‌ಗಳು (ಮಾಂಸ ಕಡಿದು ಮಾರುವ ಕಂಪನಿಗಳು) ದುಡ್ಡು ಕೊಟ್ಟು ಕೃಷಿ ಇಲಾಖೆಯವರಿಂದ ಹಚ್ಚಿಸಿಕೊಳ್ಳುತ್ತಾರೆ. ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ಕ್ರಮ. ಮಾಂಸದ ಎಳೆಗಳ ನಡುವೆ ಬಿಳಿ ಕೊಬ್ಬಿನ ಗೆರೆ ಎಷ್ಟಿದೆ, ಪ್ರಾಣಿಗೆ ಎಷ್ಟು ವಯಸ್ಸಾಗಿತ್ತು ಎನ್ನುವುದರ ಮೇಲೆ ಇದು ನಿಂತಿದೆ. ಸ್ಟೇಕಿಗೆ ಪ್ರೈಮ್ ದುಡ್ಡು ಕೇಳುವ ಜಾಗದಲ್ಲಿ ದರ್ಜೆಯ ಹೆಸರೇ ಇಲ್ಲದಿದ್ದರೆ ಬಹುತೇಕ ಅದು ಚಾಯ್ಸ್. ಚಾಯ್ಸ್ ಕೆಟ್ಟದ್ದಲ್ಲ, ಪ್ರೈಮಿನ ಬೆಲೆಗೆ ಕೊಳ್ಳುವುದು ಕೆಟ್ಟದ್ದು. ಇನ್ನೊಂದು ಮೋಸಹೋಗುವ ಜಾಗ ‘ಪ್ರೈಮ್ ರಿಬ್’. ಇದು ಪಕ್ಕೆಭಾಗದ ಇಡೀ ರೋಸ್ಟಿನ ಹೆಸರು, ದರ್ಜೆಯ ಹೆಸರಲ್ಲ. ಚಾಯ್ಸ್ ಮಾಂಸದಲ್ಲೂ ಪ್ರೈಮ್ ರಿಬ್ ಮಾಡುತ್ತಾರೆ, ಮಾಡಬಹುದು ಕೂಡ.

ತುಂಡುಗಳಲ್ಲಿ ಪಕ್ಕೆಭಾಗದ ರಿಬ್‌ಐ ಅತಿ ಸುಲಭದ ಆಯ್ಕೆ. ಕೊಬ್ಬು ಹೆಚ್ಚಿರುವುದರಿಂದ ಅಡುಗೆಯವನು ಒಂದೆರಡು ನಿಮಿಷ ಎಡವಿದರೂ ಮಾಂಸ ಒಣಗುವುದಿಲ್ಲ. ಬೆನ್ನಿನ ಭಾಗದ ಸ್ಟ್ರಿಪ್‌ನಲ್ಲಿ ಕೊಬ್ಬು ಅಂಚಿಗೆ ಸೇರಿರುತ್ತದೆ, ಅಗಿಯುವುದಕ್ಕೆ ಸ್ವಲ್ಪ ಗಟ್ಟಿ, ರುಚಿ ಚುರುಕು. ಫಿಲೆ ಎಲ್ಲಕ್ಕಿಂತ ಮೆತ್ತಗೆ, ಆದರೆ ರುಚಿ ಸಪ್ಪೆ. ಸಾಸಿಲ್ಲದೆ ನಿಲ್ಲುವುದು ಕಷ್ಟ, ಹೆಚ್ಚು ಬೆಂದರೆ ಮೊದಲು ಒಣಗುವುದೂ ಇದೇ. ಟಿ-ಬೋನ್ ಮತ್ತು ಪೋರ್ಟರ್‌ಹೌಸ್ ಎರಡರಲ್ಲೂ ಮೂಳೆಯ ಒಂದು ಬದಿಗೆ ಸ್ಟ್ರಿಪ್, ಇನ್ನೊಂದು ಬದಿಗೆ ಫಿಲೆ. ಫಿಲೆಯ ಅಗಲ ಒಂದೂಕಾಲು ಇಂಚಾದರೂ ಇದ್ದರೆ ಮಾತ್ರ ಪೋರ್ಟರ್‌ಹೌಸ್, ಅರ್ಧ ಇಂಚಿದ್ದರೆ ಟಿ-ಬೋನ್. ಎರಡು ಸ್ನಾಯುಗಳು ಬೇಯುವ ವೇಗ ಬೇರೆಬೇರೆ. ಸ್ಟ್ರಿಪ್ ಹದಕ್ಕೆ ಬರುವಷ್ಟರಲ್ಲಿ ಫಿಲೆ ದಾಟಿಹೋಗಿರುತ್ತದೆ. ಗಟ್ಟಿಗರ ಕೈಯಲ್ಲಷ್ಟೇ ಇದು ಚೆನ್ನಾಗಿ ಬರುತ್ತದೆ, ಮಿಶ್ರ ಹೋಟೆಲಿನಲ್ಲಿ ಬೇಡ.

ಟೊಮಹಾಕ್ ಬಗ್ಗೆ ಒಂದು ಮಾತು: ಅದು ಉದ್ದ ಪಕ್ಕೆಲುಬು ಉಳಿಸಿಕೊಂಡ ರಿಬ್‌ಐ, ಬೇರೇನಲ್ಲ. ತೂಕದಲ್ಲಿ ಮೂಳೆಯೂ ಸೇರಿದೆ. ಎರಡು ಇಂಚು ದಪ್ಪದ್ದು ಬೇಯಲು ಅರ್ಧ ಗಂಟೆಗೂ ಮೇಲೆ ಬೇಕು. ಮೂವರು ಹಂಚಿಕೊಳ್ಳುವುದಾದರೆ, ಫೋಟೊ ಬೇಕಾದರೆ, ಸರಿ. ರುಚಿಗಾಗಿ ಎಂದಾದರೆ 16 ಔನ್ಸಿನ ಮಾಮೂಲಿ ರಿಬ್‌ಐ ಸಾಕು. ‘ಅಮೆರಿಕನ್ ವಾಗ್ಯು’ ಎಂದರೆ ಹೆಚ್ಚಾಗಿ ಜಪಾನಿನ ದನದ ತಳಿಯನ್ನು ಆಂಗಸ್ ತಳಿಯ ಜೊತೆ ಬೆರೆಸಿದ್ದು. ಇದರ ಕೊಬ್ಬು ಕರಗಬೇಕಾದರೆ ರೇರ್ (ಒಳಗೆ ಹಸಿಹಸಿಯಾದ ಹದ) ಸಾಲದು, ಅದಕ್ಕಿಂತ ಹೆಚ್ಚು ಬೆಂದ ಮೀಡಿಯಂ ರೇರ್ ಅಥವಾ ಮೀಡಿಯಂ ಹೇಳಿ. ವಾಗ್ಯು ಬರ್ಗರ್ ದಂಡ, ಅರೆದು ಕೊಬ್ಬು ಬೆರೆಸಿದ ಮೇಲೆ ಯಾವ ಮಾಂಸವಾದರೂ ಹೆಚ್ಚುಕಡಿಮೆ ಒಂದೇ.

ಡ್ರೈ-ಏಜ್ ಮಾಡಿದ ಮಾಂಸವನ್ನು ಫ್ರೀಜಿಂಗ್ ಮಟ್ಟಕ್ಕಿಂತ ತುಸು ಮೇಲಿನ ತಂಪಿನ ಕೋಣೆಯಲ್ಲಿ ವಾರಗಟ್ಟಲೆ ಬಿಡಿಸಿಟ್ಟಿರುತ್ತಾರೆ. ನೀರು ಆರಿ ರುಚಿ ಗಟ್ಟಿಯಾಗುತ್ತದೆ, ಹುರಿದ ಬೀಜದ, ಸ್ವಲ್ಪ ಚೀಸಿನ ವಾಸನೆ ಬರುತ್ತದೆ. ಮೊದಲ ಸಲ ತಿನ್ನುವವರಿಗೆ ‘ಮಾಂಸ ಹಳಸಿದೆ’ ಅನ್ನಿಸಬಹುದು. ಆ ವಾಸನೆ ಒಗ್ಗುವುದಿಲ್ಲ ಎನ್ನುವ ಅನುಮಾನವಿದ್ದರೆ ಹೆಚ್ಚಿನ ಹದಿನೈದೋ ಇಪ್ಪತ್ತೋ ಡಾಲರ್ ಉಳಿಸಿಕೊಳ್ಳಿ.

ಹದ ತಪ್ಪುವುದು ಎಲ್ಲಿ

ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹೇಳುವುದಾದರೆ ಮೀಡಿಯಂ ರೇರ್ ಎಂದರೆ ಒಳಗಿನ ಶಾಖ 130ರಿಂದ 135 (ಸುಮಾರು 54ರಿಂದ 57 ಸೆಲ್ಸಿಯಸ್), ಮೀಡಿಯಂ 140ರಿಂದ 145, ವೆಲ್ ಡನ್ 160ರ ಮೇಲೆ. ಇಡೀ ತುಂಡಿನ ಮಾಂಸಕ್ಕೆ ಕೃಷಿ ಇಲಾಖೆಯ ಸುರಕ್ಷತೆಯ ಸಲಹೆ 145, ಆಮೇಲೆ ಮೂರು ನಿಮಿಷ ಬಿಡಬೇಕು. ಅರೆದ ಮಾಂಸಕ್ಕೆ 160, ಕೋಳಿಗೆ 165. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳಿಗೆ ಈ ಅಂಕಿಗಳಿಗಿಂತ ಕೆಳಗೆ ಇಳಿಯುವುದು ಬೇಡ.

ಮೀಡಿಯಂ ರೇರ್ ಕೇಳಿದ್ದಕ್ಕೆ ಮೀಡಿಯಂ ಬರುವುದು ಅತಿ ಸಾಮಾನ್ಯ ದೂರು. ಮಾಂಸ ಬೆಂಕಿಯಿಂದ ಇಳಿದ ಮೇಲೂ ಬೇಯುತ್ತಿರುತ್ತದೆ. ದಪ್ಪ ತುಂಡಿನಲ್ಲಿ ಒಳಗಿನ ಶಾಖ ಇನ್ನೂ ಐದರಿಂದ ಹತ್ತು ಡಿಗ್ರಿ ಏರುತ್ತದೆ. ಶನಿವಾರ ರಾತ್ರಿ ಎಂಟಕ್ಕೆ ಹತ್ತು ಜನರ ಗುಂಪೊಂದು ಕೂತಿದೆ ಎಂದುಕೊಳ್ಳಿ. ಒಬ್ಬರಿಗೆ ವೆಲ್ ಡನ್, ಅದಕ್ಕೆ ಇಪ್ಪತ್ತು ನಿಮಿಷ ಬೇಕು. ನಿಮ್ಮ ಮೀಡಿಯಂ ರೇರ್ ಅದಕ್ಕಾಗಿ ಕಾಯುತ್ತಾ ಹೀಟ್ ಲ್ಯಾಂಪಿನ ಕೆಳಗೆ ಕೂತಿರುತ್ತದೆ. ಸುಡುಸುಡು ತಟ್ಟೆಯಲ್ಲಿ ಚುರುಗುಟ್ಟುತ್ತಾ ಬಂದರೆ ಇನ್ನೂ ಒಂದು ಹಂತ ಮುಂದೆ ಹೋಗುತ್ತದೆ. ಬೆಂಗಳೂರಿನ ಸಿಜ್ಲರ್ ಕಂಡವರಿಗೆ ಆ ಸದ್ದು ಖುಷಿ ಕೊಡಬಹುದು, ಸ್ಟೇಕಿಗೆ ಅದು ಒಳ್ಳೆಯದಲ್ಲ. ತಟ್ಟೆ ಬಿಸಿಯಾಗಿ ಬರುವ ಜಾಗದಲ್ಲಿ, ದೊಡ್ಡ ಗುಂಪಿನಲ್ಲಿ, ನಿಮಗೆ ಬೇಕಾದ ಹದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹೇಳಿ. ಕಡಿಮೆ ಬೆಂದದ್ದನ್ನು ಮತ್ತೆ ಮೂರು ನಿಮಿಷ ಬೆಂಕಿಗೆ ಇಡಬಹುದು. ಹೆಚ್ಚು ಬೆಂದದ್ದನ್ನು ಹಿಂದೆ ತರುವ ದಾರಿ ಇಲ್ಲ, ಹೊಸದನ್ನೇ ಮಾಡಬೇಕು, ಅಷ್ಟರಲ್ಲಿ ಉಳಿದವರ ಊಟ ಮುಗಿದಿರುತ್ತದೆ.

ತಟ್ಟೆ ಬಂದೊಡನೆ ಅಂಚಿನಿಂದ ತಿನ್ನಲು ಶುರುಮಾಡಬೇಡಿ. ಮಧ್ಯಕ್ಕೆ ಒಂದು ಗೀಟು ಕತ್ತರಿಸಿ ಬಣ್ಣ ನೋಡಿ, ಸರ್ವರ್ ಇನ್ನೂ ಅಲ್ಲೇ ನಿಂತಿರುವಾಗಲೇ ಹೇಳಿ. ಮುಕ್ಕಾಲು ಭಾಗ ತಿಂದಮೇಲೆ ಹೇಳಿದ ದೂರಿಗೆ ಬೆಲೆಯಿಲ್ಲ.

ಕಟ್ಟಿಗೆಯ ವಿಚಾರ. ಮೆಸ್ಕೀಟ್ ಈ ಒಣನಾಡಿನ ಮುಳ್ಳುಮರ. ಬೆಂಕಿ ಬಲು ಜೋರು, ಹೊಗೆ ಬಲು ತೀಕ್ಷ್ಣ. ಹತ್ತು ನಿಮಿಷದ ಸ್ಟೇಕಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಅದೇ ಹೊಗೆಯಲ್ಲಿ ಹನ್ನೆರಡು ಗಂಟೆ ಇಟ್ಟರೆ ಮಾಂಸ ಕಹಿಯಾಗುತ್ತದೆ. ಮಧ್ಯ ಟೆಕ್ಸಾಸಿನವರು ಬ್ರಿಸ್ಕೆಟ್ಟಿಗೆ ಪೋಸ್ಟ್ ಓಕ್ ಎಂಬ ಓಕ್ ಮರದ ಕಟ್ಟಿಗೆ ಬಳಸುವುದು, ದಕ್ಷಿಣ ಟೆಕ್ಸಾಸಿನವರು ಮೆಸ್ಕೀಟನ್ನು ಮೊದಲು ಕೆಂಡ ಮಾಡಿಕೊಂಡು ಬಳಸುವುದು ಇದಕ್ಕಾಗಿ. ‘ಮೆಸ್ಕೀಟ್ ಗ್ರಿಲ್ಡ್ ರಿಬ್‌ಐ’ ಕಂಡರೆ ಧೈರ್ಯವಾಗಿ ಹೇಳಿ. ‘ಮೆಸ್ಕೀಟ್ ಸ್ಮೋಕ್ಡ್ ಬ್ರಿಸ್ಕೆಟ್’ ಕಂಡರೆ ಮೊದಲು ಒಂದು ಚೂರು ರುಚಿ ಕೇಳಿ. ನಾಲಿಗೆ ಮರಗಟ್ಟಿದ ಹಾಗಾದರೆ ಕಟ್ಟಿಗೆ ಸರಿಯಾಗಿ ಉರಿಯದೆ ದಟ್ಟ ಬಿಳಿ ಹೊಗೆ ಕೂತಿದೆ ಎಂದರ್ಥ.

ಬ್ರಿಸ್ಕೆಟ್: ತಟ್ಟೆಯ ಮೇಲೇ ಪರೀಕ್ಷೆ

ಬ್ರಿಸ್ಕೆಟ್ ಎಂದರೆ ದನದ ಎದೆಭಾಗ, ಜೀವಮಾನವಿಡೀ ಮೈಯ ಭಾರ ಹೊತ್ತ ಸ್ನಾಯು. ಸ್ಟೇಕಿನಂತೆ ಸುಟ್ಟರೆ ಅಗಿಯಲಾಗದು. 225ರಿಂದ 275 ಡಿಗ್ರಿ ಫ್ಯಾರನ್‌ಹೀಟಿನ ಹೊಗೆಯಲ್ಲಿ ನಿಧಾನಕ್ಕೆ ಒಳಗಿನ ಶಾಖವನ್ನು 200ರ ಆಸುಪಾಸಿಗೆ (ಸುಮಾರು 93 ಸೆಲ್ಸಿಯಸ್) ತಂದಾಗ ಅದರ ಕೊಲಾಜನ್ ಕರಗಿ ಜೆಲಾಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ. ನಡುವೆ 150ರಿಂದ 170ರ ಮಧ್ಯೆ ಗಂಟೆಗಟ್ಟಲೆ ಥರ್ಮಾಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ, ಮೇಲ್ಮೈಯಿಂದ ಆವಿಯಾಗುವ ನೀರು ಮಾಂಸವನ್ನು ತಂಪುಮಾಡುತ್ತಿರುತ್ತದೆ. ಇದನ್ನೇ ‘ಸ್ಟಾಲ್’ ಅನ್ನುವುದು. ಬುಚರ್ ಪೇಪರಿನಲ್ಲಿ (ಮಾಂಸ ಕಟ್ಟುವ ದಪ್ಪ ಕಾಗದ) ಸುತ್ತಿದರೆ ಈ ಹಂತ ಬೇಗ ದಾಟುತ್ತದೆ, ಮೇಲಿನ ಕರಿ ಹೊರಪದರವೂ ಅಷ್ಟಿಷ್ಟು ಉಳಿಯುತ್ತದೆ. ಅವಸರಕ್ಕೆ ಅಲ್ಯೂಮಿನಿಯಂ ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿದರೆ ಇನ್ನೂ ಬೇಗ, ಆದರೆ ಹೊರಪದರ ನೆನೆದು ಮೆತ್ತಗಾಗಿ, ಹಬೆಯಲ್ಲಿ ಬೆಂದ ರುಚಿ ಬರುತ್ತದೆ. ಸ್ಟಾಲ್ ದಾಟುವ ಮೊದಲೇ ಇಳಿಸಿದರೆ ಗಟ್ಟಿ. 205 ದಾಟಿಸಿ ಬಿಟ್ಟರೆ ಪುಡಿಪುಡಿ.

ಬ್ರಿಸ್ಕೆಟ್ಟಿನಲ್ಲಿ ಎರಡು ಭಾಗ. ತೆಳ್ಳಗಿನ, ಕೊಬ್ಬು ಕಡಿಮೆಯ ‘ಫ್ಲ್ಯಾಟ್’, ಮೆನುವಿನಲ್ಲಿ ಲೀನ್ ಎಂದಿರುತ್ತದೆ. ಅದರ ಮೇಲೆ ಕೂತ, ಕೊಬ್ಬು ತುಂಬಿದ ‘ಪಾಯಿಂಟ್’, ಇದಕ್ಕೆ ಫ್ಯಾಟಿ ಅಥವಾ ಮಾಯಿಸ್ಟ್ ಅನ್ನುತ್ತಾರೆ. ನೀವು ಏನೂ ಹೇಳದಿದ್ದರೆ ಲೀನ್ ಬರುವ ಸಂಭವವೇ ಹೆಚ್ಚು, ಮೊದಲು ಒಣಗುವುದೂ ಅದೇ. ರಾತ್ರಿ ಊಟಕ್ಕೆ ಹೋದಾಗ ಕಣ್ಣುಮುಚ್ಚಿ ಫ್ಯಾಟಿ ಕೇಳಿ.

ರಾತ್ರಿಯಿಡೀ ಬೆಂದು ಬೆಳಿಗ್ಗೆ ಇಳಿದ ಬ್ರಿಸ್ಕೆಟ್ ಒಂದೆರಡು ಗಂಟೆ ತಣಿದು ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಸಂಜೆಯವರೆಗೆ 140–150 ಡಿಗ್ರಿಯ ಬೆಚ್ಚನೆ ಪೆಟ್ಟಿಗೆಯಲ್ಲಿ, ಸುತ್ತಿದಂತೆಯೇ, ಇಡಿಯಾಗಿ ಇಟ್ಟರೂ ಕೆಡುವುದಿಲ್ಲ. ಅನೇಕ ಒಳ್ಳೆಯ ಅಂಗಡಿಗಳು ಬೇಕೆಂದೇ ಹತ್ತು ಹನ್ನೆರಡು ಗಂಟೆ ಹಾಗೆ ಇಡುತ್ತವೆ. ಕೆಡುವುದು ಬೇರೆ ಎರಡು ಕಾರಣಕ್ಕೆ. ಒಂದು, ರಶ್ಶಿನ ಹೊತ್ತಿಗೆ ಅನುಕೂಲವಾಗಲಿ ಎಂದು ಮೊದಲೇ ಹೋಳು ಮಾಡಿಟ್ಟುಕೊಳ್ಳುವುದು. ಹೋಳಾದ ಬ್ರಿಸ್ಕೆಟ್ ನಿಮಿಷಗಳಲ್ಲಿ ಒಣಗಿ ಕಂದಾಗುತ್ತದೆ. ಎರಡು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿಮಾಡುವುದು. ಬೆಂದ ಮಾಂಸದ ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳಸಲು ವಾಸನೆ ಹುಟ್ಟಿಸುತ್ತದೆ, ಹಳೇ ಎಣ್ಣೆಯದೋ ರಟ್ಟಿನದೋ ಎನ್ನುವಂಥ ವಾಸನೆ. ಅದರ ಮೇಲೆ ಸಿಹಿ ಸಾಸು ಸುರಿದರೆ ಅರ್ಧ ಮುಚ್ಚಿಹೋಗುತ್ತದೆ. ಹಾಗಾಗಿ ಸಾಸನ್ನು ಯಾವಾಗಲೂ ಪಕ್ಕಕ್ಕೆ ಕೇಳಿ.

ತಟ್ಟೆಗೆ ಬಂದ ಒಂದು ಹೋಳನ್ನು ಬೆರಳ ಮೇಲೆ ಅಡ್ಡ ಹಾಕಿ. ಪೆನ್ಸಿಲ್ ದಪ್ಪದ ಹೋಳು ಎರಡೂ ಕಡೆ ಬಾಗಿ ಇಳಿಬೀಳಬೇಕು, ತುಂಡಾಗಬಾರದು. ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಸ್ವಲ್ಪ ಹಿಗ್ಗಿ ಬಿಡಿಸಿಕೊಳ್ಳಬೇಕು. ರಬ್ಬರಿನ ಹಾಗೆ ಎಳೆದುಕೊಂಡರೆ ಬೆಂದಿಲ್ಲ, ಬಾಗುವ ಮೊದಲೇ ಉದುರಿದರೆ ಹೆಚ್ಚು ಬೆಂದಿದೆ. ಹೋಳಿನ ದಪ್ಪವೂ ಗುಟ್ಟು ಹೇಳುತ್ತದೆ: ಹೆಚ್ಚು ಬೆಂದದ್ದು ಉದುರದಿರಲೆಂದು ದಪ್ಪಗೆ ಕೊಯ್ಯುತ್ತಾರೆ, ಗಟ್ಟಿ ಉಳಿದದ್ದನ್ನು ಅಗಿಯಲು ಬರಲೆಂದು ತೆಳ್ಳಗೆ ಕೊಯ್ಯುತ್ತಾರೆ. ಅಂಚಿನ ಕೊಬ್ಬು ಅರೆಪಾರದರ್ಶಕವಾಗಿ ಹೊಳೆಯಬೇಕು. ಬೆಳ್ಳಗೆ ಗಟ್ಟಿಯಾಗಿದ್ದರೆ ಕರಗಿಲ್ಲ. ಕರಿ ಪದರದ ಕೆಳಗಿನ ಗುಲಾಬಿ ಬಳೆಗೆ ಮರುಳಾಗಬೇಡಿ. ಹೊಗೆಯ ಅನಿಲಗಳು ಮಾಂಸದ ಬಣ್ಣದ ಜೊತೆ ಸೇರಿ ಆಗುವ ಗುರುತು ಅದು, ರುಚಿಗೂ ಅದಕ್ಕೂ ಸಂಬಂಧವಿಲ್ಲ.

ರಿಬ್ಸ್ ಬಗ್ಗೆ ಚಿಕ್ಕದಾಗಿ: ಮುಟ್ಟಿದರೆ ಮೂಳೆಯಿಂದ ಕಳಚಿ ಬೀಳುವ ರಿಬ್ಸ್ ಒಳ್ಳೆಯದು ಎಂಬ ಜಾಹೀರಾತು ನಂಬಬೇಡಿ. ಅದು ಅತಿಯಾಗಿ ಬೆಂದದ್ದು, ಇಲ್ಲವೇ ಕುದಿಸಿ ಆಮೇಲೆ ಸುಟ್ಟದ್ದು. ಕಚ್ಚಿದ ಕಡೆ ಮಾತ್ರ ಬಿಟ್ಟು, ಉಳಿದದ್ದು ಮೂಳೆಗೆ ಅಂಟಿಕೊಂಡಿರಬೇಕು. ದೊಡ್ಡ ಬೀಫ್ ರಿಬ್ ಒಂದೊಂದೂ ಒಂದು ಪೌಂಡಿಗೆ ಮೇಲೆ ತೂಗಬಹುದು, ಅನೇಕ ಕಡೆ ವಾರಾಂತ್ಯದಲ್ಲಿ ಮಾತ್ರ ಸಿಗುತ್ತದೆ. ಸಿಕ್ಕ ದಿನ ಬೇರೆಲ್ಲ ಬಿಟ್ಟು ಅದನ್ನೇ ಹೇಳಿ. ‘ಸ್ಟೇಕ್ ಮತ್ತು ರಿಬ್ಸ್ ಕಾಂಬೊ’ ಮಾತ್ರ ನಮ್ಮ ಮಟ್ಟಿಗೆ ಮೆನುವಿನಲ್ಲೇ ಕೆಟ್ಟ ಆಯ್ಕೆ. ಕಾಂಬೊದ ಸ್ಟೇಕ್ ಚಿಕ್ಕದು, ತೆಳ್ಳಗಿನದು, ಹದ ತಪ್ಪುವುದು ಖಚಿತ. ಎರಡೂ ಬೇಕಾದರೆ ಒಂದು ರಿಬ್‌ಐ, ಅರ್ಧ ಪೌಂಡ್ ಬ್ರಿಸ್ಕೆಟ್ ಬೇರೆಬೇರೆ ಹೇಳಿ ಇಬ್ಬರು ಹಂಚಿಕೊಳ್ಳಿ.

ಚೆನ್ನಾಗಿ ಬೆಂದದ್ದೇ ಬೇಕು ಎನ್ನುವವರಿಗೆ

ನಮ್ಮ ಕಡೆಯಿಂದ ಹೋದವರಲ್ಲಿ ಬಹಳಷ್ಟು ಜನಕ್ಕೆ ಗುಲಾಬಿ ಬಣ್ಣದ ಮಾಂಸ ಒಗ್ಗುವುದಿಲ್ಲ. ತಟ್ಟೆಯಲ್ಲಿ ನಿಲ್ಲುವ ಕೆಂಪು ನೀರು ರಕ್ತವಲ್ಲ, ಮಯೋಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು. ಆದರೂ ಕಣ್ಣಿಗೆ ಬೇಡವಾದದ್ದು ಗಂಟಲಲ್ಲಿ ಇಳಿಯುವುದಿಲ್ಲ, ಅದಕ್ಕೆ ಸಂಕೋಚ ಬೇಕಿಲ್ಲ. ಎಪ್ಪತ್ತು ಡಾಲರಿನ ಫಿಲೆಯನ್ನು ವೆಲ್ ಡನ್ ಮಾಡಿಸುವುದು ಮಾತ್ರ ದುಡ್ಡು ಸುಟ್ಟ ಹಾಗೆ. ಅದರ ಬದಲು ಬೆಂದಷ್ಟೂ ಚೆನ್ನಾಗುವ ತುಂಡುಗಳಿಗೆ ಹೋಗಿ. ಬ್ರಿಸ್ಕೆಟ್, ಬೀಫ್ ರಿಬ್, ಬ್ರೇಸ್ ಮಾಡಿದ (ಸಾರಿನಲ್ಲಿ ನಿಧಾನಕ್ಕೆ ಬೇಯಿಸಿದ) ಶಾರ್ಟ್ ರಿಬ್ ಇವೆಲ್ಲ ಪೂರ್ತಿ ಬೆಂದವು. ಪ್ರೈಮ್ ರಿಬ್ ಇದ್ದರೆ ‘ಎಂಡ್ ಕಟ್’ ಕೇಳಿ. ಇಡೀ ರೋಸ್ಟಿನ ತುದಿಭಾಗ ಅದು, ಹೆಚ್ಚು ಬೆಂದಿರುತ್ತದೆ, ಮಸಾಲೆಯೂ ಅಲ್ಲೇ ಹೆಚ್ಚು. ಒಂದು ರೋಸ್ಟಿಗೆ ಎರಡೇ ತುದಿ, ಹಾಗಾಗಿ ಬೇಗ ಹೋದವರಿಗೇ ಸಿಗುತ್ತದೆ. ಸ್ಟೇಕೇ ಬೇಕೆಂದರೆ ರಿಬ್‌ಐಯನ್ನು ಮೀಡಿಯಂ ವೆಲ್ ಹೇಳಿ, ಕೊಬ್ಬು ಕಾಪಾಡುತ್ತದೆ. ಸ್ಕರ್ಟ್ ಸ್ಟೇಕಿನ (ಹೊಟ್ಟೆಭಾಗದ ತೆಳ್ಳನೆ ತುಂಡು) ಫಹೀಟಾವನ್ನು ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ದಿರುವುದರಿಂದ ಅದೂ ಪರವಾಗಿಲ್ಲ.

ಖಾರದ ವಿಚಾರದಲ್ಲಿ ಈ ಹೋಟೆಲುಗಳು ನಮ್ಮವರನ್ನು ನಿರಾಸೆ ಮಾಡುವುದು ಕಡಿಮೆ. ಆಂಚೋ ಎಂದರೆ ಒಣಗಿಸಿದ ಪೊಬ್ಲಾನೊ, ಖಾರ ಕಡಿಮೆ, ಬಣ್ಣ ಜಾಸ್ತಿ. ಬ್ಯಾಡಗಿ ಇಷ್ಟಪಡುವವರಿಗೆ ಹಿಡಿಸುತ್ತದೆ. ಚಿಪೋಟ್ಲೆ ಎಂದರೆ ಹೊಗೆಯಲ್ಲಿ ಒಣಗಿಸಿದ ಹಲಪೀನೊ. ನ್ಯೂ ಮೆಕ್ಸಿಕೋದಲ್ಲಿ ‘ಕೆಂಪೋ ಹಸಿರೋ?’ ಎಂದು ಕೇಳುತ್ತಾರೆ, ಅದು ಆ ರಾಜ್ಯದ ಅಧಿಕೃತ ಪ್ರಶ್ನೆಯೇ. ಎರಡೂ ಬೇಕಾದರೆ ‘ಕ್ರಿಸ್‌ಮಸ್’ ಅನ್ನಿ.

ದನ ತಿನ್ನದವರು, ಹಂದಿ ತಿನ್ನದವರು, ಸಸ್ಯಾಹಾರಿಗಳು

ಆಫೀಸಿನವರ ಜೊತೆ ಹೋಗಲೇಬೇಕಾಗಿ ಬರುವವರು ಇಲ್ಲಿ ಹೆಚ್ಚು. ಕೋಳಿಗಿಂತ ಸ್ಮೋಕ್ ಮಾಡಿದ ಟರ್ಕಿ ಎದೆಭಾಗ ಒಳ್ಳೆಯದು. ಕಡಿಮೆ ಶಾಖದ ಹೊಗೆಯಲ್ಲಿ ಕೋಳಿಯ ಚರ್ಮ ರಬ್ಬರಾಗುತ್ತದೆ, ಟರ್ಕಿಗೆ ಆ ತೊಂದರೆಯಿಲ್ಲ. ಕ್ವೇಲ್ ಹಕ್ಕಿ, ಕುರಿಯ ಚಾಪ್ಸ್, ಸಾಲ್ಮನ್ ಇದ್ದರೆ ಅವು ಸ್ಟೇಕಿನ ಗ್ರಿಲ್ಲಿನ ಮೇಲೇ ಬೇಯುತ್ತವೆ ಎನ್ನುವುದು ನೆನಪಿರಲಿ. ತಾಕಬಾರದು ಎನ್ನುವವರು ಪ್ಯಾನಿನಲ್ಲಿ ಮಾಡಿಕೊಡಲು ಕೇಳಬೇಕು. ಹೊಗೆಗೂಡಿನಲ್ಲಿ ದನ, ಹಂದಿ ಒಂದರ ಮೇಲೊಂದು ಹಲಗೆಯಲ್ಲಿ ಕೂತಿರುತ್ತವೆ, ಮೇಲಿನ ಕೊಬ್ಬು ಕೆಳಗಿನದರ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೆ ಪರಿಹಾರವಿಲ್ಲ.

ಸಸ್ಯಾಹಾರಿಗಳಿಗೆ ನಿಜವಾದ ಗಂಡಾಂತರ ಸೈಡುಗಳಲ್ಲಿದೆ. ಪಿಂಟೊ ಕಾಳು ಹೆಚ್ಚಾಗಿ ಬೇಕನ್ ಅಥವಾ ಬ್ರಿಸ್ಕೆಟ್ ಚೂರಿನ ಜೊತೆ ಬೆಂದಿರುತ್ತದೆ. ರೀಫ್ರೈಡ್ ಬೀನ್ಸ್, ಮೈದಾ ಟೋರ್ಟಿಯಾ ಎರಡರಲ್ಲೂ ಹಂದಿಯ ಕೊಬ್ಬು ಇರಬಹುದು. ಕಾಲರ್ಡ್ ಸೊಪ್ಪಿಗೆ ಹ್ಯಾಮ್ ಮೂಳೆ, ಟೋರ್ಟಿಯಾ ಸೂಪಿಗೆ ಕೋಳಿ ಸಾರು, ಕೆಂಪು ಚಿಲಿ ಸಾಸಿಗೂ ಮಾಂಸದ ಸಾರು. ಫ್ರೆಂಚ್ ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುವ ಜಾಗಗಳಿವೆ. ‘ಮೀಟ್ ಇಲ್ಲ ತಾನೆ?’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಸಾರು ಮತ್ತು ಕೊಬ್ಬನ್ನು ಅವರು ಮೀಟ್ ಎಂದು ಲೆಕ್ಕ ಹಾಕುವುದಿಲ್ಲ. ಬೇಕನ್, ಲಾರ್ಡ್ (ಹಂದಿಯ ಕೊಬ್ಬು), ಸ್ಟಾಕ್ (ಮಾಂಸದ ಸಾರು) ಎಂದು ಹೆಸರು ಹಿಡಿದು ಕೇಳಿ. ಚೀಸ್ ತುಂಬಿದ ಚಿಲಿ ರೆಯೇನೊ ಒಳ್ಳೆಯ ಊಟ, ಮೇಲಿನ ಹಿಟ್ಟಿನಲ್ಲಿ ಮೊಟ್ಟೆಯಿದೆ. ಬೇಯಿಸಿದ ಇಡೀ ಆಲೂಗಡ್ಡೆ, ಸುಟ್ಟ ಮೆಕ್ಕೆಜೋಳ, ಗ್ರಿಲ್ ಮಾಡಿದ ತರಕಾರಿ ಹೇಳಿದರೆ ಹೊಟ್ಟೆ ತುಂಬುತ್ತದೆ, ಬಿಲ್ಲೂ ಕಡಿಮೆ.

ಬಿಲ್ಲು, ಟಿಪ್ಸು, ಉಳಿದದ್ದು

ಸ್ಟೇಕಿನ ಔನ್ಸು ಹಸಿ ಮಾಂಸದ ತೂಕ, ಕೌಂಟರಿನ ಬ್ರಿಸ್ಕೆಟ್ ಬೆಂದ ಮೇಲಿನ ತೂಕ. ಉದಾಹರಣೆಗೆ 70 ಡಾಲರಿನ 16 ಔನ್ಸ್ ರಿಬ್‌ಐ ಬೆಂದು ತಟ್ಟೆಗೆ ಬರುವಾಗ ಸುಮಾರು 12 ಔನ್ಸ್, ಅಂದರೆ ಔನ್ಸಿಗೆ ಆರು ಡಾಲರಿನ ಹತ್ತಿರ. ಪೌಂಡಿಗೆ (16 ಔನ್ಸಿಗೆ) 34 ಡಾಲರಿನ ಬ್ರಿಸ್ಕೆಟ್ ಔನ್ಸಿಗೆ ಎರಡು ಡಾಲರ್ ಚಿಲ್ಲರೆ. ಮಿಶ್ರ ಹೋಟೆಲಿನಲ್ಲಿ ಅದೇ ಬ್ರಿಸ್ಕೆಟ್ ಅರ್ಧ ಪೌಂಡಿಗೆ 36 ಎಂದಿದ್ದರೆ ಹೆಚ್ಚಿನ ದುಡ್ಡು ಕುರ್ಚಿಗೆ, ಹವಾನಿಯಂತ್ರಣಕ್ಕೆ. ಕಾಸಿಗೆ ತಕ್ಕ ಕಜ್ಜಾಯ ಬೇಕೆನ್ನುವವರು ಬಾರ್ಬೆಕ್ಯೂವನ್ನು ಮಧ್ಯಾಹ್ನ ಕೌಂಟರ್ ಅಂಗಡಿಯಲ್ಲಿ, ಸ್ಟೇಕನ್ನು ವಾರದ ನಡುವಿನ ಸಂಜೆ ಆರೂವರೆಗೆ ಸ್ಟೇಕ್‌ಹೌಸಿನಲ್ಲಿ ತಿನ್ನುವುದೇ ಸರಿ. ಒಂದೇ ಮೇಜಿನಲ್ಲಿ ಮಾಂಸಾಹಾರಿ, ಸಸ್ಯಾಹಾರಿ, ಮಕ್ಕಳು, ಅಜ್ಜಿ ಎಲ್ಲ ಇದ್ದಾಗ ಮಿಶ್ರ ಹೋಟೆಲೇ ಅನುಕೂಲ.

ಸೈಡುಗಳಿಗೆ ಬೇರೆ ದುಡ್ಡು, ಒಂದೊಂದೂ ಇಬ್ಬರು ಮೂವರಿಗೆ ಆಗುತ್ತದೆ. ನಾಲ್ವರಿಗೆ ಎರಡು ಸಾಕು. ಟೆಕ್ಸಾಸಿನ ದೊಡ್ಡ ಊರುಗಳಲ್ಲಿ ತೆರಿಗೆ ಶೇ. 8.25. ಟಿಪ್ಸು ಶೇ. 18ರಿಂದ 20, ತೆರಿಗೆಗೆ ಮೊದಲಿನ ಮೊತ್ತದ ಮೇಲೆ. ನೂರು ಡಾಲರಿನ ಊಟ ಶೇ. 20 ಟಿಪ್ಸ್ ಸೇರಿ 128.25ಕ್ಕೆ ಮುಗಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಗಂಟೆಗೆ 2.13 ಡಾಲರ್ ಮಾತ್ರ, ಆದ್ದರಿಂದ ಅಡುಗೆಯವನ ತಪ್ಪಿಗೆ ಸರ್ವರ್‌ನ ಟಿಪ್ಸ್ ಕತ್ತರಿಸಬೇಡಿ, ಮ್ಯಾನೇಜರನ್ನು ಕರೆದು ಬಿಲ್ಲಿನಿಂದ ಆ ಪದಾರ್ಥ ತೆಗೆಸಿ. ಆರು ಎಂಟು ಜನ ದಾಟಿದ ಗುಂಪಿಗೆ ಟಿಪ್ಸನ್ನು ಅವರೇ ಸೇರಿಸಿರುತ್ತಾರೆ, ಸಹಿ ಹಾಕುವ ಮೊದಲು ಆ ಸಾಲು ನೋಡಿ, ಇಲ್ಲದಿದ್ದರೆ ಎರಡು ಸಲ ಕೊಟ್ಟುಬಿಡುತ್ತೀರಿ.

ಉಳಿದ ಬ್ರಿಸ್ಕೆಟ್ ಕಟ್ಟಿಸಿಕೊಳ್ಳುವುದಾದರೆ ಹೋಳು ಮಾಡದ ತುಂಡನ್ನೇ ಕೇಳಿ. ಮರುದಿನ ಒಂದು ಚಮಚ ನೀರು ಚಿಮುಕಿಸಿ, ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿ 250 ಡಿಗ್ರಿ ಫ್ಯಾರನ್‌ಹೀಟಿನ ಓವನ್ನಿನಲ್ಲಿ ಬಿಸಿಮಾಡಿ, ಆಮೇಲೆ ಎಳೆಗೆ ಅಡ್ಡಲಾಗಿ ಕೊಯ್ಯಿರಿ. ಸ್ಟೇಕನ್ನು ಬಿಸಿಮಾಡುವುದಕ್ಕಿಂತ ತಣ್ಣಗೇ ತೆಳ್ಳಗೆ ಕೊಯ್ದು, ಈರುಳ್ಳಿ, ನಿಂಬೆರಸ, ಹಸಿಮೆಣಸಿನಕಾಯಿ ಸೇರಿಸಿದರೆ ರುಚಿ. ಬೆಂದ ಮಾಂಸ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹೊರಗಿನ ಶಾಖ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಜುಲೈ ತಿಂಗಳಲ್ಲಿ ಡಬ್ಬಿಯನ್ನು ಕಾರಿನಲ್ಲಿಟ್ಟು ಮಾಲ್ ಸುತ್ತಲು ಹೋದರೆ, ಬಂದಮೇಲೆ ಅದನ್ನು ಎಸೆಯಬೇಕಾಗುತ್ತದೆ.